ಒದ್ದೆ ಕೈ

"ಕೈ ಒರೆಸ್ಕೊಂಡು ಮುಟ್ಟೇ ಮೂದೇವಿ. ಅದು ಕಂಪ್ಯೂಟರ್ರು, ನಿಮ್ಮಪ್ಪನ ಮನೆ ಬಟ್ಟೆ ಒಗೆಯೋ ಕಲ್ಲಲ್ಲ."

ಯಜಮಾನ ಬಾಗಿಲಲ್ಲೇ ನಿಂತಿದ್ದ. ವಿಂಗಡಣೆ ಕೋಣೆಯೊಳಗೆ ಅವನು ಎಂದೂ ಕಾಲಿಟ್ಟವನಲ್ಲ. ಮೂಗಿಗೆ ಕರ್ಚೀಫು ಒತ್ತಿ ಹಿಡಿದು, ಬೈಯುವುದನ್ನೆಲ್ಲ ಹೊಸ್ತಿಲಿನಾಚೆಯಿಂದಲೇ ಬೈದು ಹೋಗುತ್ತಾನೆ. ಒಳಗೆ, ಆಸ್ಪತ್ರೆಗಳಿಂದ ಬಂದ ಹೊಲಸು ಬಟ್ಟೆಯ ಗುಡ್ಡೆಗಳ ನಡುವೆ, ದೊಡ್ಡಮ್ಮ ಎರಡೂ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಏಪ್ರನ್ನೇ ಒದ್ದೆ. ಅದನ್ನೆತ್ತಿ ಒಳಗಿನ ಅಂಗಿಗೆ ಒರೆಸಿಕೊಂಡಳು. ಆಮೇಲೆ ಒಂದೇ ಒಂದು ಬೆರಳು ಚಾಚಿ, ಕಾದ ಹಂಚು ಮುಟ್ಟುವವಳ ಹಾಗೆ, ಕೀಲಿ ಒತ್ತಿದಳು.

ಪರದೆಯ ಮೇಲೆ, 'ಸೂಜಿ' ಎಂದಿದ್ದ ಕಾಲಮಿನಲ್ಲಿ, 2 ಎಂದು ಮೂಡಿತು. ಎಂಟರ್ ಒತ್ತಿದಳು. ಎರಡು ಮಾಯವಾಗಿ ಅದರ ಜಾಗದಲ್ಲಿ ಸೊನ್ನೆ ಬಂದು ಕೂತಿತು.

"ಮತ್ತೆ ಹೋಯ್ತು ಯಜಮಾನ್ರೇ."

"ಹೋಗದೆ ಇನ್ನೇನಾಗುತ್ತೆ. ಕೀಲಿ ಒಳಗೆಲ್ಲ ನೀರು ಇಳಿಸಿದೀಯ. ಕತ್ತೆಗೆ ಕೊಟ್ಟಿದ್ರೂ ಇಷ್ಟೊತ್ತಿಗೆ ಕಲಿತಿರೋದು. ಹೋಗು, ಬಟ್ಟೆ ನೋಡು. ಸೊನ್ನೆ ಅಂದ್ರೆ ಸೊನ್ನೆ."

ಅವನ ಬೆನ್ನ ಹಿಂದೆ, ಮೇಲಿನ ಆಫೀಸಿಗೆ ಹೋಗುವ ಮೆಟ್ಟಿಲಿನಲ್ಲಿ, ಪುಟ್ಟಿ ನಿಂತಿದ್ದಳು. ಕೈಯಲ್ಲಿ ಫೈಲು, ಕಾಲಲ್ಲಿ ತೆಳು ಚಪ್ಪಲಿ. ಕೀಲಿಯೊಳಗೆ ಒಂದು ಹನಿ ನೀರೂ ಇಳಿದಿಲ್ಲ ಎಂಬುದು ಆ ಕಟ್ಟಡದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಯಜಮಾನ. ಇನ್ನೊಬ್ಬಳು ಅವಳು.

ದೊಡ್ಡಮ್ಮ ಅವಳನ್ನು ಕಂಡು ನಕ್ಕಳು. ಬೈಸಿಕೊಂಡ ನಾಚಿಕೆಯನ್ನು ಮುಚ್ಚಿಕೊಳ್ಳುವ ನಗು. ಪುಟ್ಟಿ ಫೈಲು ತಿರುವಿ ಹಾಕಿದಳು.

ಹೆತ್ತ ತಾಯಿ ಕಣ್ಣು ಮುಚ್ಚಿದ ಮೇಲೆ ಪುಟ್ಟಿಯನ್ನು ಎತ್ತಿ ಬೆಳೆಸಿದವಳು ಈ ದೊಡ್ಡಮ್ಮ, ತಾಯಿಯ ಅಕ್ಕ. ಈ ಲಾಂಡ್ರಿಯ ವಿಂಗಡಣೆ ಕೋಣೆಯಲ್ಲಿ ಬಗ್ಗಿ ಬಗ್ಗಿ ಬೆನ್ನು ಮುರಿದುಕೊಂಡು, ಅವಳನ್ನು ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಹಾಕಿದಳು. ಕೆಳಗಿನ ಕೋಣೆಯ ಹೆಂಗಸರ ಮಕ್ಕಳಲ್ಲಿ ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತವಳು ಅವಳೊಬ್ಬಳೇ. ಹೆಂಗಸರು ಅವಳಿಗೆ ಕಂಪ್ಯೂಟರಮ್ಮ ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟದ್ದೇ ಆದರೂ, ಕರೆಯುವಾಗ ಅವರ ಎದೆ ಉಬ್ಬುತ್ತಿತ್ತು.

ಕೆಳಗೆ ಕೆಲಸ ಎಂದರೆ ಗಂಟು ಬಿಚ್ಚುವುದು. ರಕ್ತದ್ದು ಒಂದು ಕಡೆ, ವಾಂತಿಯದು ಒಂದು ಕಡೆ, ಹೇಲುಚ್ಚೆಯದು ಇನ್ನೊಂದು ಕಡೆ. ಮಡಿಕೆಗಳೊಳಗೆ ಸೂಜಿ ಇರುತ್ತದೆ, ಬ್ಲೇಡು ಇರುತ್ತದೆ, ಒಮ್ಮೆ ಯಾರದೋ ಹಲ್ಲೂ ಇತ್ತು. ಸಿಕ್ಕಿದ ಸೂಜಿಯನ್ನು ಡಬ್ಬಕ್ಕೆ ಹಾಕಿ, ಯಾವ ವಾರ್ಡಿನ ಗಂಟು, ಎಷ್ಟು ಸೂಜಿ ಎಂದು ಮೂಲೆಯ ಕಂಪ್ಯೂಟರಿನ ಶೀಟಿನಲ್ಲಿ ತುಂಬಬೇಕು. ಯಾರಿಗಾದರೂ ಚುಚ್ಚಿದರೆ ಆ ಸಾಲಿನ ಚೀಟಿ ಪಕ್ಕದ ಪುಟ್ಟ ಪ್ರಿಂಟರಿನಲ್ಲಿ ಬರುತ್ತದೆ. ಚೀಟಿ ತೋರಿಸಿದರೆ ವ್ಯಾನಿನವನು ಆಸ್ಪತ್ರೆಗೆ ಒಯ್ಯುತ್ತಾನೆ. ಅಲ್ಲಿ ರಕ್ತ ನೋಡಿ, ರೋಗ ಹತ್ತದ ಹಾಗೆ ಮಾತ್ರೆ ಶುರು ಮಾಡುತ್ತಾರೆ. ತಡವಾದರೆ ಆ ಮಾತ್ರೆ ನುಂಗಿಯೂ ಒಂದೇ, ಬಿಟ್ಟೂ ಒಂದೇ. ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಕೆಳಗಿನವರು ಮುಟ್ಟಿದ್ದನ್ನು ಎಂದಾದರೂ ಮೇಲಿನವರು ಮುಟ್ಟಬೇಕಾಗಬಹುದಲ್ಲ.

ಕೆಲವು ದಿನಗಳ ಹಿಂದೆ ಯಜಮಾನ ಪುಟ್ಟಿಯನ್ನು ತನ್ನ ಕೋಣೆಗೆ ಕರೆಸಿದ್ದು ಆ ಶೀಟು ಹಿಡಿದುಕೊಂಡು.

"ಇದೇನೇ ಇದು, ಶೀಟಿನ ತುಂಬ ಸೂಜಿ. ಇದನ್ನ ಆಸ್ಪತ್ರೆಯವರಿಗೆ ಕಳಿಸಿದ್ರೆ, ನಿಮ್ಮ ನರ್ಸುಗಳು ಏನು ಮಣ್ಣು ತಿಂತಾರಾ ಅಂತ ನಾನೇ ಕೇಳಿದ ಹಾಗಾಗುತ್ತೆ. ನಾಳೆ ಬಟ್ಟೆ ಬೇರೆಯವನ ಬಾಗಿಲಿಗೆ ಹೋಗುತ್ತೆ. ಆ ಕಾಲಂನಲ್ಲಿ ಯಾರೂ ಏನೂ ಬರೆಯೋಕೆ ಆಗಬಾರದು."

"ಲಾಕ್ ಮಾಡ್ಲಾ ಸಾರ್?"

"ಲಾಕ್ ಮಾಡಿದ್ರೆ ಗೊತ್ತಾಗಲ್ವಾ. ಕೆಳಗಿನ ಆ ಬಾಯಿಬಡುಕಿ ಊರೆಲ್ಲ ಡಂಗುರ ಹೊಡೀತಾಳೆ. ಒತ್ತಿದ್ರೆ ಒತ್ಕೊಳ್ಳಲಿ. ಒಳಗೆ ನಿಲ್ಲಬಾರದು, ಅಷ್ಟೇ."

ಅವಳು ಮ್ಯಾಕ್ರೊ ಬರೆದಳು. ಫೈಲಿನ ಹೊಟ್ಟೆಯೊಳಗೆ, ತುಂಬುವವರ ಕಣ್ಣಿಗೆ ಬೀಳದ ಹಾಗೆ, ನಾಲ್ಕಾರು ಸಾಲಿನ ಆಜ್ಞೆ: ಈ ಕಾಲಮಿನಲ್ಲಿ ಯಾರು ಏನೇ ಬರೆದರೂ ಅದನ್ನು ಅಳಿಸು, ಸೊನ್ನೆ ಇಡು. ಮೊದಲ ಸಲ ಅದರ ಜೊತೆಗೆ ಒಂದು ಪೆಟ್ಟಿಗೆಯೂ ಮೂಡುವಂತೆ ಮಾಡಿದ್ದಳು: 'ದಯವಿಟ್ಟು ಕ್ಷಮಿಸಿ, ಇಲ್ಲಿ ಬದಲಾವಣೆಗೆ ಅವಕಾಶವಿಲ್ಲ.' ಯಜಮಾನ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರಿಗೇ ದಯವಿಟ್ಟು? ತೆಗಿ ಅದನ್ನ. ಸದ್ದಿಲ್ಲದೆ ಸೊನ್ನೆ ಆಗ್ಲಿ." ತೆಗೆದಳು. ಕೆಳಗಿನವರು ಒಳಹೊಕ್ಕು ನೋಡದ ಹಾಗೆ ಆ ಸಾಲುಗಳಿಗೆ ಪಾಸ್‌ವರ್ಡೂ ಹಾಕಿದಳು.

ಇಷ್ಟಾಗಿದ್ದರೆ ಹೊಟ್ಟೆಪಾಡು ಎಂದುಕೊಳ್ಳಬಹುದಿತ್ತು. ಅವಳನ್ನು ತಿನ್ನುತ್ತಿದ್ದದ್ದು ಬೇರೆ. ಅದು ಕೆಲಸ ಮಾಡಿದಾಗ ಅವಳಿಗೆ ಖುಷಿಯಾಗಿತ್ತು. ಐದು ಒತ್ತಿದಳು, ಸೊನ್ನೆ. ಐನೂರು ಒತ್ತಿದಳು, ಸೊನ್ನೆ. ಚಪ್ಪಾಳೆ ತಟ್ಟಿ ನಕ್ಕಿದ್ದಳು, ಮಗುವಿನ ಹಾಗೆ.

ರಜೆಯ ದಿನ ಮಧ್ಯಾಹ್ನ ಮನೆಗೆ ಬಂದರೆ ದೊಡ್ಡಮ್ಮ ಕಿಟಕಿಯ ಬೆಳಕಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಗುಜರಿಯಿಂದ ಎತ್ತಿಕೊಂಡು ಬಂದ ಹಳೇ ಕೀಬೋರ್ಡು. ಅರ್ಧ ಗುಂಡಿಗಳು ಉದುರಿದ್ದವು, ತಂತಿಯನ್ನು ಯಾರೋ ಕತ್ತರಿಸಿದ್ದರು. ಬೆರಳ ತುದಿಗೆಲ್ಲ ಪೌಡರು ಬಳಿದುಕೊಂಡು ಒಂದೊಂದೇ ಗುಂಡಿ ಒತ್ತುತ್ತಿದ್ದಳು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಬಾಯಿಬಡುಕಿ, ಅದೇ ಕೋಣೆಯಲ್ಲಿ ಗಂಟು ಬಿಚ್ಚುವವಳು, ನಗುತ್ತಿದ್ದಳು.

"ನೋಡೇ ಕಂಪ್ಯೂಟರಮ್ಮ, ಮುದುಕಿ ನಿನ್ನ ಕುರ್ಚಿಗೆ ಲಗ್ಗೆ ಹಾಕ್ತಿದಾಳೆ. ಯಜಮಾನನ ತೊಡೆ ಮೇಲೆ ಕೂತು ಟೈಪ್ ಮಾಡ್ತಾಳಂತೆ."

"ಮುಚ್ಚೇ ನಿನ್ನ ಹರಕು ಬಾಯಿ," ಎಂದಳು ದೊಡ್ಡಮ್ಮ. ಆಮೇಲೆ ಪುಟ್ಟಿಯ ಕಡೆ ತಿರುಗಿದಳು. "ಬಾ ಇಲ್ಲಿ ಮಗಳೇ. ನಾನು ಒತ್ತೋದ್ರಲ್ಲಿ ಏನು ತಪ್ಪು ಹೇಳು. ಬೆರಳು ದಪ್ಪ ಅಂತಾನಾ? ಒಣಗಿಸ್ಕೊಂಡು ಒತ್ತಿದ್ರೂ ನಿಲ್ಲಲ್ಲ. ದಿನಾ ಬೈಸ್ಕೊಂಡು ಸಾಕಾಗಿದೆ. ಇವರೆಲ್ಲ ನೀನೇ ಒತ್ತು ದೊಡ್ಡಮ್ಮ ಅಂತ ನನ್ನನ್ನೇ ಮುಂದೆ ತಳ್ತಾರೆ. ಮಗಳನ್ನ ಓದಿಸಿದವಳು ನೀನು ಅಂತಾರೆ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಒಂದು ಮಾತು. ಆದರೆ ಬಾಯಿಬಡುಕಿ ಎದುರಿಗೇ ಕೂತಿದ್ದಳು; ನಾಳೆ ಕುರ್ಚಿ ಹೋಗುತ್ತದೆ, ಮೆಟ್ಟಿಲು ಇಳಿಯಬೇಕಾಗುತ್ತದೆ. ಅವಳು ದೊಡ್ಡಮ್ಮನ ಪಕ್ಕ ಕೂತಳು. ಬ್ಲೀಚು ತಿಂದು ಬೆಳ್ಳಗಾದ, ಉಗುರು ಸೊಟ್ಟಗಾದ ಆ ಬೆರಳನ್ನು ಹಿಡಿದುಕೊಂಡಳು. ಸತ್ತ ಗುಂಡಿಯ ಮೇಲೆ ಇಟ್ಟಳು.

"ಮೆಲ್ಲಗೆ ಒತ್ತು ದೊಡ್ಡಮ್ಮ. ಹೂವು ಮುಟ್ಟಿದ ಹಾಗೆ."

"ಹೀಗಾ?"

"ಇನ್ನೂ ಮೆಲ್ಲಗೆ."

ದೊಡ್ಡಮ್ಮ ಉಸಿರು ಬಿಗಿಹಿಡಿದು ಕಲಿತಳು.

ಸೂಜಿ ಚುಚ್ಚಿದ್ದು ವಾರದ ನಡುವೆ, ಗಂಟುಗಳು ರಾಶಿ ಬಿದ್ದಿದ್ದ ದಿನ. ಮೇಲಿನ ಆಫೀಸಿನ ಗಾಜಿನಿಂದ ಪುಟ್ಟಿಗೆ ಕಾಣಿಸಿತು: ಕೆಳಗೆ ಹೆಂಗಸರೆಲ್ಲ ಒಂದೇ ಕಡೆ ಸೇರಿದ್ದಾರೆ, ದೊಡ್ಡಮ್ಮ ಎಡಗೈಯಿಂದ ಬಲಗೈ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಬಗ್ಗಿದ್ದಾಳೆ. ಒತ್ತುತ್ತಾಳೆ, ನೋಡುತ್ತಾಳೆ, ಬೆರಳನ್ನು ಅಂಗಿಗೆ ಒರೆಸುತ್ತಾಳೆ, ಮತ್ತೆ ಒತ್ತುತ್ತಾಳೆ. ಮೆಲ್ಲಗೆ. ಹೇಳಿಕೊಟ್ಟ ಹಾಗೆ.

ಪುಟ್ಟಿ ಮೆಟ್ಟಿಲಿಳಿಯುವಷ್ಟರಲ್ಲಿ ಯಜಮಾನ ಬಾಗಿಲಿಗೆ ಬಂದಾಗಿತ್ತು.

"ಶೀಟಲ್ಲಿ ಸೂಜಿನೇ ಇಲ್ಲ, ಚುಚ್ಚಿದ್ದು ಎಲ್ಲಿಂದ? ಮನೇಲಿ ಹರಕು ಹೊಲೀತಾ ಚುಚ್ಚಿಸ್ಕೊಂಡು ಬಂದು ನನ್ನ ತಲೆಗೆ ಕಟ್ತೀಯಾ?"

"ಇಲ್ಲ ಯಜಮಾನ್ರೇ, ಈಗಲೇ, ಈ ಗಂಟಲ್ಲೇ. ಗ್ಲೌಸು ಹರಿದಿತ್ತು."

ಬಾಯಿಬಡುಕಿ ಸೂಜಿಯನ್ನು ಎತ್ತಿ ಹಿಡಿದಳು. ಒಳಗೆ ಇನ್ನೂ ಯಾರದೋ ರಕ್ತ ಇತ್ತು. "ಕಣ್ಣು ಕುರುಡಾ ನಿಂಗೆ? ಚೀಟಿ ಇಲ್ಲದಿದ್ರೆ ಹೋಗ್ಲಿ, ವ್ಯಾನ್ ಕಳಿಸು."

"ಚೀಟಿ ಇಲ್ಲದೆ ಯಾವ ವ್ಯಾನೂ ಇಲ್ಲ. ಕಂಪ್ಯೂಟರ್ ತಗೊಂಡಿಲ್ಲ ಅಂದ್ರೆ ಆಗಿಲ್ಲ ಅಂತಲೇ ಅರ್ಥ."

ದೊಡ್ಡಮ್ಮ ಪುಟ್ಟಿಯನ್ನು ಕಂಡಳು. ಅವಳ ಮುಖ ಅರಳಿತು. ಪುಟ್ಟಿಗೆ ಆ ಮುಖ ನೋಡಲಾಗಲಿಲ್ಲ.

"ಸದ್ಯ ಬಂದೆಯಲ್ಲ ಮಗಳೇ. ನನ್ನ ಕೈ ಒದ್ದೆ ಇದೆ ಕಣೇ, ರಕ್ತ ಬೇರೆ. ನೀನು ಒತ್ತು. ನಿನ್ನ ಕೈ ಒಣಗಿದೆ."

ಹೆಂಗಸರು ದಾರಿ ಬಿಟ್ಟರು. ಪುಟ್ಟಿ ಕೂತಳು. ಕೈ ನಿಜವಾಗಿಯೂ ಒಣಗಿತ್ತು, ಮೇಲಿನ ಫ್ಯಾನಿನ ಕೆಳಗಿನ ಕೈ. 1 ಒತ್ತಿದಳು. ಎಂಟರ್.

ಸೊನ್ನೆ.

ಆಚೆ ಒಗೆಯುವ ಯಂತ್ರಗಳು ಉರುಳುತ್ತಿದ್ದವು.

"ಒಣಗಿದ ಕೈಗೂ ನಿಲ್ಲಲ್ವಲ್ಲೇ," ಎಂದಳು ಬಾಯಿಬಡುಕಿ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಪುಟ್ಟಿ," ಎಂದ ಯಜಮಾನ. "ಮೇಲೆ ಹೋಗು. ಅದಕ್ಕೆ ಕೈ ಹಾಕಿದ್ರೆ ನಾಳೆಯಿಂದ ನೀನೂ ಈ ಹೇಲು ಬಾಚ್ಕೊಂಡಿರ್ತೀಯ."

ಪುಟ್ಟಿಯ ಬೆರಳುಗಳು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದವು. ಶೀಟು ಸರಿದು ಬೇರೊಂದು ಕಿಟಕಿ ತೆರೆಯಿತು. ಪಾಸ್‌ವರ್ಡ್ ಕೇಳಿತು. ಅವಳು ಯಾರನ್ನೂ ಕೇಳಲಿಲ್ಲ, ಕೀಬೋರ್ಡು ನೋಡಲೂ ಇಲ್ಲ. ಹೊಡೆದಳು. ಒಳಗಿನ ಸಾಲುಗಳು ಬಿಚ್ಚಿಕೊಂಡವು. ಅಲ್ಲಿದ್ದವರಿಗೆ ಆ ಸಾಲುಗಳನ್ನು ಓದಲು ಬರುತ್ತಿರಲಿಲ್ಲ. ಅವಳ ಬೆರಳನ್ನು ಓದಲು ಎಲ್ಲರಿಗೂ ಬಂತು. ಅಷ್ಟನ್ನೂ ಬಳಿದು ಅಳಿಸಿ, ಶೀಟಿಗೆ ಮರಳಿದಳು.

"ಬೀಗದ ಕೈ ನಿನ್ನ ಹತ್ರಾನೇ ಇತ್ತಾ," ಎಂದಳು ದೊಡ್ಡಮ್ಮ.

ಪುಟ್ಟಿ 1ರ ಕೀಲಿಗೆ ಬೆರಳು ಚಾಚಿದಳು.

"ಏಳು."

ಎದ್ದಳು. ದೊಡ್ಡಮ್ಮ ಕೂತಳು. ಕೀಬೋರ್ಡಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಗೆ ಬೆರಳು ಸಿಕ್ಕಿಸಿ, ಮೀನಿನ ಚರ್ಮ ಸುಲಿದ ಹಾಗೆ, ಪರಕ್ಕನೆ ಸುಲಿದು ಬಿಸಾಡಿದಳು. ಕೈ ಒರೆಸಿಕೊಳ್ಳಲಿಲ್ಲ. ರಕ್ತ ಒಸರುತ್ತಿದ್ದ ಅದೇ ಕೈಯಿಂದ, ಮೊಳೆ ಹೊಡೆದ ಹಾಗೆ, ಒಂದೇ ಏಟಿಗೆ ಒತ್ತಿದಳು. ಎಂಟರ್‌ಗೆ ಇನ್ನೊಂದು ಏಟು.

1 ನಿಂತಿತು.

"ಹೂವು ಮುಟ್ಟಿದ ಹಾಗೆ ಅಂದಿದ್ದೆಯಲ್ಲ ಮಗಳೇ," ಎಂದಳು, ಪರದೆಯನ್ನೇ ನೋಡುತ್ತ.

ಪುಟ್ಟ ಪ್ರಿಂಟರು ಕಿರುಗುಟ್ಟಿ ಚೀಟಿ ಉಗುಳಿತು. ಯಜಮಾನ ಹೊಸ್ತಿಲಿನಾಚೆ ಕುಣಿದಾಡುತ್ತಿದ್ದ. "ಯಾವಳೂ ಹೊರಗೆ ಕಾಲಿಡಕೂಡದು. ವ್ಯಾನಿನ ಕೀ ನನ್ನ ಜೇಬಲ್ಲಿದೆ. ಆ ಚೀಟಿ ಕೊಡಿ ಇಲ್ಲಿ."

ಬಾಯಿಬಡುಕಿ ಮೂಲೆಯಲ್ಲಿದ್ದ ಸೂಜಿಯ ಡಬ್ಬ ಎತ್ತಿಕೊಂಡಳು. ಶೀಟು ಸೊನ್ನೆ ತೋರಿಸುತ್ತಿದ್ದ ದಿನಗಳಲ್ಲೆಲ್ಲ ಅದು ತುಂಬುತ್ತಲೇ ಬಂದಿತ್ತು. ಹೊಸ್ತಿಲಿನ ಬಳಿ ಹೋಗಿ ಅದನ್ನು ಬೋರಲು ಹಾಕಿದಳು. ಸೂಜಿಗಳು ಕಲ್ಲಿನ ನೆಲದ ಮೇಲೆ ಚೆಲ್ಲಾಡಿ, ಯಜಮಾನನ ಹೊಳೆಯುವ ಚಪ್ಪಲಿಯ ಸಂದಿನವರೆಗೆ ಉರುಳಿದವು.

"ಬಾ, ಒಳಗೆ ಬಂದು ಇಸ್ಕೊಂಡು ಹೋಗು. ಹೆದರಬೇಡ ಬೋಳಿಮಗನೇ. ಶೀಟಲ್ಲಿ ಒಂದೂ ಇಲ್ಲ. ಚುಚ್ಚಲ್ಲ."

ಅವನು ಹಿಂದೆ ಸರಿದ. ಗೋಡೆಗೆ ಬೆನ್ನು ತಾಗುವವರೆಗೆ.

ದೊಡ್ಡಮ್ಮ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು. ವಿಂಗಡಣೆ ಕೋಣೆಯವರಿಗೆ ದಪ್ಪ ರಬ್ಬರ್ ಬೂಟು. ಸೂಜಿಗಳು ಅದರಡಿ ಪಟಪಟನೆ ಮುರಿದವು. ಹಿಂದೆ ಬಾಯಿಬಡುಕಿ, ಹಿಂದೆ ಮಿಕ್ಕವರು. "ವ್ಯಾನಿಲ್ಲದಿದ್ರೆ ಕಾಲಿದೆ, ನಡೀರೇ," ಎಂದು ಯಾರೋ ಹೇಳಿದ್ದು ಕೇಳಿಸಿತು. ಯಾರೂ ಪುಟ್ಟಿಯನ್ನು ಬಾ ಎನ್ನಲಿಲ್ಲ. ಬೈಯಲೂ ಇಲ್ಲ. ಅದೇ ಅವಳಿಗೆ ತಡೆಯಲಾರದಾಯಿತು.

ಅವಳ ಚಪ್ಪಲಿ ತೆಳುವಾಗಿತ್ತು. ಈಚೆಗೆ ಅವಳು, ನಡುವೆ ಸೂಜಿ, ಆಚೆಗೆ ಯಜಮಾನ. ಪರದೆಯಲ್ಲಿ ಆ 1ರ ಮೇಲ್ಗಡೆ ಹಿಂದಿನ ದಿನಗಳ ಸೊನ್ನೆಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅಲ್ಲಿ ಮೊದಲು ಯಾರು ಏನು ಒತ್ತಿದ್ದರೆಂದು ಈಗ ಫೈಲಿಗೂ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದಳು.

"ಪುಟ್ಟೀ," ಯಜಮಾನನ ದನಿ ಈಗ ಬೆಣ್ಣೆಯಾಗಿತ್ತು. "ಅವರೆಲ್ಲ ಹೋದ್ರು ಬಿಡು. ನೀನು ಓದಿದವಳು. ಅದನ್ನ ಮೊದಲಿದ್ದ ಹಾಗೆ ಮಾಡಿ ಮೇಲೆ ಬಾ. ಕುರ್ಚಿ ಎಲ್ಲೂ ಹೋಗಲ್ಲ."

ಕೀಬೋರ್ಡಿನ ಪಕ್ಕ ದೊಡ್ಡಮ್ಮ ಕಳಚಿದ್ದ ಬಲಗೈ ಗ್ಲೌಸು ಬಿದ್ದಿತ್ತು. ಪುಟ್ಟಿ ಅದನ್ನು ಎತ್ತಿಕೊಂಡು ಕೈ ತೂರಿಸಿದಳು. ಒಳಗೆಲ್ಲ ಒದ್ದೆ, ಇನ್ನೂ ಬೆಚ್ಚಗಿತ್ತು. ತೂತು ಸರಿಯಾಗಿ ಅಂಗೈಯ ನಡುವೆ ಬಂದು ಕೂತಿತು.

ದೊಡ್ಡಮ್ಮ ಅರ್ಧ ಬಿಚ್ಚಿದ್ದ ಗಂಟಿನ ಮುಂದೆ ಬಗ್ಗಿ, ಮಡಿಕೆಯೊಳಗೆ ಕೈ ಹಾಕಿದಳು.