ಮುನಿಸೆಂದುಕೊಂಡದ್ದು

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಸಿಟ್ಟನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇರಲಿಲ್ಲ. ಯಾರಿಗಾದರೂ ಮುನಿಸು ಬಂದರೆ ಅದು ಕೆಲಸದಲ್ಲಿ ಕಾಣುತ್ತಿತ್ತು. ಹೊಲಿಗೆ ಉದ್ದುದ್ದ ಬೀಳುತ್ತಿತ್ತು, ದಾರ ಗಂಟುಗಂಟಾಗುತ್ತಿತ್ತು, ಕೇಳಿದ ಮಾತಿಗೆ ಉತ್ತರ ಬರುತ್ತಿರಲಿಲ್ಲ. ಒಂದೆರಡು ದಿನ ಹಾಗೆ ನಡೆದು, ಯಾರಾದರೂ ಒಂದು ಲೋಟ ಚಹಾ ತಂದಿಟ್ಟರೆ ತಾನಾಗಿಯೇ ಸರಿಹೋಗುತ್ತಿತ್ತು.

ಅಂಗಡಿಯ ಒಡತಿಯನ್ನು ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. ಬಟ್ಟೆ ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ನಾಲಿಗೆಯೂ ಅಷ್ಟೇ ಹರಿತ. ಗುಂಡಿ ಹಾಕುವ ಕಾಜಗಳನ್ನು ಕೈಯಿಂದ ಹೊಲಿಯುವವಳು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಹಿಂದಿನ ದಿನ ಗಿರಾಕಿಯ ಎದುರೇ ಅತ್ತಿಗೆಗೆ, "ಕಣ್ಣು ಕಾಣಿಸ್ದಿದ್ರೆ ಕನ್ನಡಕ ತಗೊಳ್ಳಿ, ನನ್ನ ಮಾನ ಕಳೀಬೇಡಿ" ಎಂದು ಅಂದುಬಿಟ್ಟಿದ್ದಳು. ಹಾಗಾಗಿ ಮಾರನೆಯ ಬೆಳಿಗ್ಗೆ ಅತ್ತಿಗೆಯ ಹೊಲಿಗೆ ಅಡ್ಡಾದಿಡ್ಡಿ ಬಿದ್ದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಏನ್ರೀ ಅತ್ತಿಗೆಯಮ್ಮ, ನಿನ್ನೆ ಅಂದಿದ್ದು ಇನ್ನೂ ಅರಗಿಲ್ವಾ? ಕಾಜ ಹೊಲೀತಿದ್ದೀರೋ, ಇಲಿ ಕಡಿದಿದ್ದಕ್ಕೆ ತೇಪೆ ಹಾಕ್ತಿದ್ದೀರೋ?"

ಅತ್ತಿಗೆ ಏನೋ ಹೇಳಲು ಹೋದಳು. ಮಾತು ತೊದಲಿತು. ಬಾಯಿಯ ಒಂದು ಮಗ್ಗುಲು ಇಳಿದಂತಿತ್ತು.

"ನೋಡ್ರಪ್ಪಾ, ಈಗ ಮೂತಿ ಬೇರೆ ಸೊಟ್ಟ ಮಾಡ್ಕೊಂಡ್ರು!" ಎಂದ ಕತ್ತರಿಯಮ್ಮ ತಾನೂ ಬಾಯಿ ಓರೆ ಮಾಡಿ, ಅದೇ ತೊದಲಿನಲ್ಲಿ, "ನಂಗೇನು ಕೋಪ ಇಲ್ಲಮ್ಮಾ" ಎಂದು ಆಡಿ ತೋರಿಸಿದಳು. ಇಸ್ತ್ರಿಯವನು ಬಿದ್ದು ಬಿದ್ದು ನಕ್ಕ. ಅತ್ತಿಗೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಲೇ ಇದ್ದಳು. ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಅದೂ ಮುನಿಸೇ ಎಂದುಕೊಂಡರು. ಎಲ್ಲರ ಊಟವಾದ ಮೇಲೆ ಏಳಲು ಹೋದವಳು ಹಾಗೇ ಪಕ್ಕಕ್ಕೆ ಕುಸಿದುಬಿದ್ದಳು.

ಬಸ್ಸು ಓಡಿಸುವ ಅಣ್ಣ ಖಾಕಿ ಅಂಗಿಯಲ್ಲೇ ಆಸ್ಪತ್ರೆಗೆ ಓಡಿಬಂದ. ಡಾಕ್ಟರಮ್ಮ ಅವನನ್ನೂ, ಅತ್ತಿಗೆಯನ್ನು ಕರೆತಂದಿದ್ದ ಕತ್ತರಿಯಮ್ಮನನ್ನೂ ಕೇಳಿದರು: "ಇದು ಯಾವಾಗ ಶುರುವಾಯ್ತು? ಸರಿಯಾಗಿ ಹೇಳಿ, ಯಾವ ಔಷಧಿ ಅನ್ನೋದು ಅದರ ಮೇಲೇ ನಿಂತಿದೆ."

ಅಣ್ಣ ತಂಗಿಯ ಮುಖ ನೋಡಿದ. ಬೆಳಿಗ್ಗೆಯೇ ಎನ್ನಬೇಕಾದರೆ ಆ ಓರೆ ಬಾಯಿಯ ಆಟವನ್ನೂ ಹೇಳಬೇಕಲ್ಲ ಎನಿಸಿತು ಅವಳಿಗೆ.

"ಊಟ ಆದ್ಮೇಲೆ, ಡಾಕ್ಟ್ರೇ. ಅಲ್ಲೀತನಕ ಚೆನ್ನಾಗೇ ಇದ್ರು" ಎಂದುಬಿಟ್ಟಳು.

ಡಾಕ್ಟರಮ್ಮ ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿದರು. "ದೊಡ್ಡ ರಕ್ತನಾಳಗಳೆಲ್ಲ ಚೆನ್ನಾಗಿವೆ. ಮುಚ್ಚಿರೋದು ಒಳಗಿನ ಒಂದು ಸಣ್ಣ ನಾಳ, ಕೂದಲೆಳೆಯಂಥದ್ದು. ಬಿಪಿ ಇರೋರಲ್ಲಿ ಇವು ಸದ್ದಿಲ್ಲದೆ ಕೆಡ್ತಾ ಬಂದಿರ್ತವೆ. ರಕ್ತ ನಿಂತ್ರೆ ಅದನ್ನೇ ನಂಬಿಕೊಂಡಿರೋ ಜೀವಕೋಶಗಳು ಸಾಯ್ತವೆ. ಸುತ್ತ ಇರೋ ಕೆಲವು ಇನ್ನೂ ಒದ್ದಾಡ್ತಿರ್ತವೆ. ಅವನ್ನ ಉಳಿಸೋಕೆ ಒಂದು ಇಂಜೆಕ್ಷನ್ ಇದೆ. ಪುಣ್ಯಕ್ಕೆ ಬೇಗ ಬಂದಿದ್ದೀರಿ."

"ನೀನಿದ್ದೆ, ಬಚಾವಾದ್ಳು" ಎಂದು ಅಣ್ಣ ತಂಗಿಯ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಕೆಳಗೆ ಅವಳು ಕುಗ್ಗಿಹೋದಳು.

"ತಡವಾಗಿ ಬಂದಿದ್ರೆ?" ಎಂದು ಮೆಲ್ಲಗೆ ಕೇಳಿದಳು.

"ತಡವಾದಷ್ಟೂ ಆ ಸಣ್ಣ ನಾಳಗಳ ಗೋಡೆನೂ ಸಡಿಲ ಆಗಿರುತ್ತೆ. ಆಮೇಲೆ ಈ ಇಂಜೆಕ್ಷನ್ ಕೊಟ್ರೆ ಒಳಗೇ ರಕ್ತ ಸೋರಬಹುದು. ಜೀವಕ್ಕೇ ಅಪಾಯ."

ಸಿಸ್ಟರ್ ಔಷಧಿ ತುಂಬಿದ ಸಿರಿಂಜನ್ನು ತಟ್ಟೆಯಲ್ಲಿಟ್ಟುಕೊಂಡು ಬಂದರು. ಸುಮ್ಮನಿದ್ದರೆ ಏನೂ ಆಗದೆಯೂ ಇರಬಹುದು ಎಂದು ಕತ್ತರಿಯಮ್ಮನ ಮನಸ್ಸು ಹೇಳಿತು. ಹಾಗೆ ಹೇಳಿದ ಮನಸ್ಸನ್ನು ಕಂಡು ಅವಳಿಗೇ ಹೇಸಿಗೆಯಾಯಿತು.

"ತಡೀರಿ ಸಿಸ್ಟರ್, ಕೊಡ್ಬೇಡಿ! ಬೆಳಿಗ್ಗೆನೇ ಶುರುವಾಗಿತ್ತು. ಅಂಗಡಿ ಬಾಗಿಲು ತೆಗೆದಾಗಿಂದ. ಬಾಯಿ ಸೊಟ್ಟ ಆಗಿತ್ತು, ಕೈಲಿ ಸೂಜಿ ನಿಲ್ತಿರ್ಲಿಲ್ಲ. ನಾನು... ಕೋಪ ಅಂದ್ಕೊಂಡೆ. ಅಣಕಿಸಿದೆ."

"ಕೇಳಿದಾಗ್ಲೇ ಹೇಳೋಕೇನಾಗಿತ್ತಮ್ಮಾ ನಿಮಗೆ?" ಡಾಕ್ಟರಮ್ಮನ ಮುಖ ಕೆಂಪಾಯಿತು.

"ನಾಚಿಕೆ ಆಯ್ತು."

ತಟ್ಟೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಇನ್ನು ಮಾತ್ರೆ, ಆರೈಕೆ, ಕೈಕಾಲಿಗೆ ವ್ಯಾಯಾಮ ಅಷ್ಟೇ. ಕೈಗೆ ಎಷ್ಟು ಶಕ್ತಿ ಮರಳುತ್ತದೋ ಹೇಳಲಾಗದು ಎಂದರು ಡಾಕ್ಟರಮ್ಮ.

ಅಣ್ಣ ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದ: "ಅವಳಿಗೆ ಮಾತು ಬರದೇ ಇದ್ದಾಗ ಎಲ್ಲರೂ ನಕ್ರಾ?"

"ನಗಿಸಿದ್ದೇ ನಾನು, ಅಣ್ಣ."

ಅವನು ಹೆಗಲ ಮೇಲಿನ ಕೈಯನ್ನು ಯಾವಾಗಲೋ ತೆಗೆದಿದ್ದ.

ಸಂಜೆ ವಾರ್ಡಿನೊಳಗೆ ಬಿಟ್ಟರು. ಮೆಟ್ಟಿಲು ಹತ್ತುವಾಗ ಕತ್ತರಿಯಮ್ಮ ಏನೇನೋ ಮಾತು ಜೋಡಿಸಿಕೊಂಡಿದ್ದಳು. ಅತ್ತಿಗೆ ಕಣ್ಣು ಬಿಟ್ಟು, ನಾದಿನಿಯನ್ನು ಕಂಡವಳೇ, ಎಡಗೈಯಿಂದ ಹೊದಿಕೆಯನ್ನು ಎಳೆದೆಳೆದು ಸ್ವಾಧೀನವಿಲ್ಲದ ಬಲಗೈಯನ್ನು ಮುಚ್ಚಿಕೊಂಡಳು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.



"ಮುಚ್ಕೋಬೇಡಿ ಅತ್ತಿಗೆ" ಎಂದಷ್ಟೇ ಕತ್ತರಿಯಮ್ಮ ಅಂದಳು.

ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಅಣ್ಣ ಕೂತಿದ್ದ. ಅವನು ಏಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಮಂಚದ ಕಾಲ ಕಡೆ ನಿಂತೇ ಇದ್ದಳು.