ನಲವತ್ತು ಅಡಿಯ ಅಂಕಣ

ಕ್ಲಬ್ಬಿನ ಹೆಸರಿನಲ್ಲಿ ಕ್ರೀಡೆ ಎಂಬ ಪದವಿತ್ತು. ಅದಕ್ಕಾಗಿ ಕಾಟಾಚಾರಕ್ಕಾದರೂ ಯಾರಾದರೂ ಆಗಾಗ ಆಡಬೇಕಾಗುತ್ತಿತ್ತು. ಉಳಿದಂತೆ ಅದು ಕುರ್ಚಿ ಹಾಕುವ, ಕುರ್ಚಿ ಎತ್ತುವ ಜಾಗ. ಆ ತಿಂಗಳ ಕಾರ್ಯಕ್ರಮದ ಪಟ್ಟಿಯನ್ನು ಕಾರ್ಯದರ್ಶಿ ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಿದಾಗ ದರ್ಜಿ ಅದನ್ನು ಎರಡು ಸಲ ಓದಿದಳು. ಮೊದಲ ಭಾನುವಾರ ಹೊಸ ನೆಟ್ಟಿನ ಉದ್ಘಾಟನೆ. ಎರಡನೆಯ ಭಾನುವಾರ ಅಧ್ಯಕ್ಷರಿಗೆ ಸನ್ಮಾನ. ಮೂರನೆಯದು ಕುಟುಂಬಗಳ ಹಾಡಿನ ಸ್ಪರ್ಧೆ, ನಡುನಡುವೆ ಎರಡು ಟೀ ಕೂಟ, ಒಂದು ಗ್ರೂಪ್ ಫೋಟೊ. ಎಲ್ಲಕ್ಕಿಂತ ಕೆಳಗೆ, ಜಾಗ ಸಾಲದೆ ಇರುವೆ ಸಾಲಿನಂತೆ ಬರೆದಿತ್ತು: ಕೊನೆಯ ಭಾನುವಾರ ಪಕ್ಕದ ಬಡಾವಣೆಯ ಕ್ಲಬ್ಬಿನೊಡನೆ ಬ್ಯಾಡ್ಮಿಂಟನ್ ಪಂದ್ಯ, ಬಳಿಕ ಊಟ. 'ಊಟ' ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಆ ಪಂದ್ಯದಲ್ಲಿ ಆಡಬೇಕೆಂಬುದು ದರ್ಜಿಯ ಆಸೆ. ಹನ್ನೊಂದು ವರ್ಷದಿಂದ ಅವಳು ಬೆಳಗ್ಗೆ ಆರಕ್ಕೆ ಬಂದು, ಜೊತೆಗೆ ಯಾರೂ ಸಿಗದ ದಿನ ಗೋಡೆಯೊಡನೆಯೇ ಆಡಿ, ಒಂಬತ್ತಕ್ಕೆ ಅಂಗಡಿ ತೆರೆಯುತ್ತಿದ್ದಳು. ಈಗ ನಲವತ್ತಾರು. ಹೊಲಿಗೆ ಯಂತ್ರದ ಮುಂದಿನಿಂದ ಏಳುವಾಗ ಮಂಡಿ ಕಟಕಟ ಎನ್ನುತ್ತಿತ್ತು. ಪಾಯಿಂಟ್ ಎಣಿಸುವವರೊಬ್ಬರು, ಎದುರಿಗೆ ಆಡಬಲ್ಲವರೊಬ್ಬರು ಇರುವ ಒಂದು ಪೂರ್ತಿ ಆಟ, ಮಂಡಿ ಕೈಕೊಡುವ ಮೊದಲು, ಒಂದೇ ಒಂದು ಸಲ ಸಿಕ್ಕರೆ ಸಾಕಿತ್ತು.

ಕಾರ್ಯದರ್ಶಿ ಅವಳ ಅಕ್ಕನ ಗಂಡ. ಭಾವ ಮೂವತ್ತೈದು ವರ್ಷ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡು ನಿವೃತ್ತನಾದವನು, ಬರುವಾಗ ಆ ಚಟವನ್ನೂ ಜೊತೆಗೆ ತಂದಿದ್ದ. ಅವನು ಮಾಡಿದ ಕಟ್ಟಳೆ ಇಷ್ಟೇ: ಕಾರ್ಯಕ್ರಮಗಳಿಗೆ ಯಾರು ಹೆಚ್ಚು ಹಾಜರೋ ಅವರು ತಂಡದಲ್ಲಿ. ಆಟ ಬರುತ್ತದೋ ಇಲ್ಲವೋ ಎಂದು ಕೇಳುವುದು ಅವನ ದೃಷ್ಟಿಯಲ್ಲಿ ಪಕ್ಷಪಾತ. ಸನ್ಮಾನಕ್ಕೆ ಎದೆಗೆ ಅಡ್ಡ ಹಾಕುವ ಪಟ್ಟಿ, ಕುರ್ಚಿಗೆ ಗವಸು, ವೇದಿಕೆಗೆ ಪರದೆ ಎಲ್ಲವನ್ನೂ ಹೊಲಿಯುವವಳು ದರ್ಜಿ. ಕೊನೇ ಗಳಿಗೆಯ ತನಕ ಅಂಗಡಿಯಲ್ಲಿ ಕೂತು ಹೊಲಿದು ಕಳಿಸಿದ್ದಕ್ಕೆ ಅವಳ ಹೆಸರಿನ ಮುಂದೆ ಬೀಳುತ್ತಿದ್ದದ್ದು 'ಗೈರು'. ಈ ತಿಂಗಳೂ ಅದೇ ಕಥೆ. ಅಧ್ಯಕ್ಷರ ಸೊಸೆ ಟೀ ಕೂಟದಿಂದ ಹಾಡಿನ ಸ್ಪರ್ಧೆಯವರೆಗೆ ಒಂದನ್ನೂ ಬಿಡದೆ ಬಂದಳು, ಹೆಂಗಸರ ಸಿಂಗಲ್ಸ್ ಅವಳ ಪಾಲಾಯಿತು. ರ‍್ಯಾಕೆಟ್ಟಿಗೂ ಅವಳಿಗೂ ಗ್ರೂಪ್ ಫೋಟೊದಲ್ಲಷ್ಟೇ ಪರಿಚಯ.

ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಆಟದ ಅಂಕಣದ ವಿಷಯ. ಉದ್ಘಾಟನೆಯ ಹಿಂದಿನ ದಿನ ಸಭಾಂಗಣದಲ್ಲಿ ಒಂದು ಕಡೆ ವೇದಿಕೆ, ಇನ್ನೊಂದು ಕಡೆ ಎರಡು ಸಾಲು ಕುರ್ಚಿ ಹಾಕಿ ನೋಡಿದರೆ, ಕುರ್ಚಿಗಳು ಗೆರೆಯ ಮೇಲೆ ಬಂದಿದ್ದವು. ಬೇರೆ ಯಾರೇ ಆಗಿದ್ದರೂ ಕುರ್ಚಿ ಸರಿಸುತ್ತಿದ್ದರು. ಭಾವ ಪೇಂಟರನ್ನು ಕರೆಸಿ ಗೆರೆ ಸರಿಸಿದ, ಎರಡೂ ತುದಿಯಲ್ಲಿ ಎರಡೆರಡು ಅಡಿ ಒಳಕ್ಕೆ.

"ಭಾವ, ಅಂಕಣ ನಲವತ್ನಾಲ್ಕು ಅಡಿ ಇರ್ಬೇಕು. ಈಗ ನಲವತ್ತೇ ಇದೆ," ಎಂದಳು ದರ್ಜಿ, ಕೊರಳಲ್ಲಿ ಸದಾ ತೂಗುವ ಟೇಪು ಹಿಡಿದು.

"ನಾಲ್ಕಡಿ ಯಾರ ಕಣ್ಣಿಗಮ್ಮ ಬೀಳತ್ತೆ? ಕೂತಿರೋರಿಗೆ ಕಾಲು ಚಾಚೋಕೆ ಜಾಗ ಬೇಡ್ವಾ?"

ಮರದ ಡಿಪೋ ಇಟ್ಟಿದ್ದ ಅಧ್ಯಕ್ಷರು ಒಗ್ಗರಣೆ ಹಾಕಿದರು. "ಗಿಡ್ಡ ಆದ್ರೆ ಒಳ್ಳೇದೇ ಆಯ್ತಲ್ಲ. ಓಡೋದು ಉಳೀತು."

ಎಲ್ಲರೂ ನಕ್ಕರು. ಅಂದಿನಿಂದ ಅವಳಿಗೆ ಟೇಪಮ್ಮ ಎಂದು ಹೆಸರು ಬಿತ್ತು. ಅವಳು ದಿನಾ ಬೆಳಗ್ಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಳೆಯ ಗೆರೆ ಎಳೆದುಕೊಂಡು, ಆಡಿ, ಒರೆಸಿ ಹೋಗುತ್ತಿದ್ದಳು. ತಂಡದವರು ಸಂಜೆ ಬಂದು ನಲವತ್ತಡಿಯಲ್ಲೇ ಆಡಿ ಬೆನ್ನು ಚಪ್ಪರಿಸಿಕೊಂಡರು.

ಕೊನೆಯ ಭಾನುವಾರ ಪಕ್ಕದ ಬಡಾವಣೆಯವರು ಬಂದರು. ಅವರ ನಾಯಕಿ ಹಲ್ಲಿನ ಡಾಕ್ಟರು, ಮಾತು ಕಡಿಮೆ. ಅಂಕಣದ ಉದ್ದಕ್ಕೂ ಒಮ್ಮೆ ಹೆಜ್ಜೆ ಹಾಕಿ, "ಇದು ಗಿಡ್ಡ ಇದೆ," ಎಂದರು.

"ನಮ್ಮಲ್ಲಿ ಮೊದಲಿಂದ ಹೀಗೇ," ಎಂದ ಭಾವ, ಕಣ್ಣು ಮಿಟುಕಿಸದೆ.

"ಯಾರ ಹತ್ರಾದ್ರೂ ಟೇಪ್ ಇದೆಯಾ?"

ತಿಂಗಳಿಡೀ ಟೇಪಮ್ಮ ಎಂದು ಆಡಿಕೊಂಡವರೆಲ್ಲ ಈಗ ಅವಳ ಕೊರಳನ್ನೇ ನೋಡಿದರು. ಅವಳು ಮೊಣಕಾಲೂರಿ ಅಳೆದಳು. ಐದಡಿಯ ಟೇಪು ಸರಿಯಾಗಿ ಎಂಟು ಸಲ ಬಿತ್ತು. ಒಂಬತ್ತನೆಯದಕ್ಕೆ ಅಧ್ಯಕ್ಷರ ಬೂಟು ಅಡ್ಡ ಬಂತು. ಕುರ್ಚಿಗಳು ಜಗಲಿಗೆ ಹೋದವು, ಅವಳ ಸೀಮೆಸುಣ್ಣದ ಗೆರೆ ನೆಲಕ್ಕೆ ಬಂತು. ಭಾವನ ಮುಖ ಇಷ್ಟು ದಪ್ಪವಾಯಿತು.

ಆಮೇಲೆ ನಡೆದದ್ದನ್ನು ಪಂದ್ಯ ಎನ್ನಲು ನಾಲಿಗೆ ಏಳುವುದಿಲ್ಲ. ನಮ್ಮವರು ಹೊಡೆದದ್ದು ಎದುರಾಳಿಯ ಕೈಗೆ ಹದವಾಗಿ ಹೋಗಿ ಬೀಳುತ್ತಿತ್ತು. ಎದುರಾಳಿ ಹಿಂದಕ್ಕೆ ಹೊಡೆದರೆ ನಮ್ಮವರು ರ‍್ಯಾಕೆಟ್ ಇಳಿಸಿ, "ಔಟ್" ಎಂದು ಸಂಭ್ರಮದಿಂದ ಕೂಗಿ, ಕಾಕ್ ಗೆರೆಯೊಳಗೆ ಬೀಳುವುದನ್ನು ಕಣ್ಣಾರೆ ನೋಡುತ್ತಿದ್ದರು. ಪ್ರತಿ ಸಲವೂ ಅದೇ ಕೂಗು, ಪ್ರತಿ ಸಲವೂ ಅದೇ ಅಚ್ಚರಿ. ಅಧ್ಯಕ್ಷರ ಸೊಸೆಯಂತೂ ಬಂದ ಕಾಕ್‌ಗೆಲ್ಲ ನೆಂಟರಿಗೆ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿದು ನಿಂತಳು. ಎದುರಿಗಿದ್ದ ಡಾಕ್ಟರು ಎರಡು ಆಟದಲ್ಲಿ ಒಟ್ಟು ಐದು ಪಾಯಿಂಟ್ ಕೊಟ್ಟರು, ಐದೂ ಅವರ ಕೈತಪ್ಪಿನವು. ಗೋಡೆಗೊರಗಿ ನಿಂತ ದರ್ಜಿಗೆ ಕೈ ತುರಿಸುತ್ತಿತ್ತು, ಅಳುವೂ ಬರುತ್ತಿತ್ತು.

ಸೋತು ಮುಗಿದ ಮೇಲೆ ತಂಡಕ್ಕೆ ಜೀವ ಬಂತು. ಅಷ್ಟು ಚುರುಕಾಗಿ ಅವರು ಓಡಿದ್ದು ಆ ದಿನ ಅದೇ ಮೊದಲು, ಅದೂ ಊಟದ ಕೋಣೆಗೆ.

ಡಾಕ್ಟರು ಮಾತ್ರ ಹಿಂದೆ ಉಳಿದರು. "ಹಳೇ ಗೆರೆ ಎಲ್ಲಿತ್ತು ಅಂತ ಹುಡುಕದೇನೇ ಹೋಗಿ ಎಳೆದ್ರಲ್ಲ. ನೀವು ಇಲ್ಲಿ ಆಡ್ತೀರಿ ಅಲ್ವಾ?"

"ಆಡ್ತೀನಿ. ಬೆಳಗ್ಗೆ."

"ಒಂದು ಆಟ ಆಡೋಣ್ವಾ? ನಮ್ಮವರೊಬ್ರು ಎಣಿಸ್ತಾರೆ."

ದರ್ಜಿ ಟೇಪನ್ನು ಕೊರಳಿಂದ ತೆಗೆದು ಕಿಟಕಿಗೆ ಹಾಕಿದಳು. ಮೊದಲ ಮೂರು ಪಾಯಿಂಟ್ ನೆಟ್ಟಿಗೇ ಹೋದವು. ಆಮೇಲೆ ಗೋಡೆಯೊಡನೆ ಆಡಿದ ಹನ್ನೊಂದು ವರ್ಷ ತೋಳಿಗಿಳಿಯಿತು. ಹದಿನಾಲ್ಕು ಹದಿಮೂರು ಆಗಿದ್ದಾಗ ಬಾಗಿಲಲ್ಲಿ ಭಾವ ಕಾಣಿಸಿಕೊಂಡ, ಕಂಕುಳಲ್ಲಿ ಪುಸ್ತಕ.

"ಊಟಕ್ಕೆ ಬಾಮ್ಮ. ಹಾಜರಿ ತಗೋತಿದೀನಿ. ಆಮೇಲೆ ನನ್ನನ್ನ ಅನ್ಬೇಡ."

ಅವಳು ಸರ್ವಿಸ್ ಮಾಡಿದಳು.

ಇಪ್ಪತ್ತೊಂದು ಹತ್ತೊಂಬತ್ತಕ್ಕೆ ಸೋತಳು. ಕೊನೆಯ ಕಾಕ್ ಅವಳ ಸೀಮೆಸುಣ್ಣದ ಗೆರೆಯ ಮೇಲೆಯೇ ಬಿತ್ತು, ಅದು ಒಳಗೇ ಎಂದು ಅವಳೇ ಹೇಳಿದಳು. ಡಾಕ್ಟರು ಬೆವರು ಒರೆಸಿಕೊಂಡು, "ಬುಧವಾರ ಆರಕ್ಕೆ ನಮ್ಮ ಕ್ಲಬ್ಬಿಗೆ ಬನ್ನಿ. ಅವತ್ತು ನೀವು ಗೆಲ್ತೀರೇನೋ," ಎಂದರು. ಸೋತವಳಿಗೆ ಇಷ್ಟು ಸಂತೋಷವಾಗಬಹುದೆಂದು ದರ್ಜಿಗೆ ಗೊತ್ತಿರಲಿಲ್ಲ.

ಊಟದ ಕೋಣೆಯಲ್ಲಿ ಪಾತ್ರೆ ಬರಿದಾಗಿತ್ತು. ಭಾವ ಪುಸ್ತಕವನ್ನು ಅವಳ ಮುಂದೆ ಹಿಡಿದ. "ನೋಡು. ಊಟ, ಗೈರು. ನಾನೇನ್ ಮಾಡ್ಲಿ? ಅದಿರ್ಲಿ, ಮುಂದಿನ ಭಾನುವಾರ ತಂಡಕ್ಕೆ ಸನ್ಮಾನ ಇಟ್ಕೊಂಡಿದೀವಿ. ಹನ್ನೆರಡು ಪಟ್ಟಿ ಬೇಕು."

"ಯಾವುದಕ್ಕೆ ಸನ್ಮಾನ?"

"ಭಾಗವಹಿಸಿದ್ದಕ್ಕೆ."

"ಪಟ್ಟಿ ಹೊಲಿದ್ರೆ ಹಾಜರಿ ಹಾಕ್ತೀರಾ ಭಾವ?"

"ಹೊಲಿಯೋದು ಕೆಲಸ ಕಣಮ್ಮ. ಅದು ಕಾರ್ಯಕ್ರಮ ಹೇಗಾಗತ್ತೆ?"

ದರ್ಜಿ ಅವನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಮುಂದಿನ ತಿಂಗಳ ಹಾಳೆ ತಿರುವಿ, ತನ್ನ ಹೆಸರಿನ ಮುಂದಿದ್ದ ಖಾಲಿ ಚೌಕಗಳಲ್ಲೆಲ್ಲ ಗೈರು, ಗೈರು, ಗೈರು ಎಂದು ದುಂಡಗೆ ಬರೆದಳು. ಸನ್ಮಾನದ ಚೌಕವನ್ನೂ ಬಿಡಲಿಲ್ಲ.

"ಮತ್ತೆ ಪಟ್ಟಿ?" ಎಂದ ಭಾವ. ಅವನಿಗೆ ಇನ್ನೂ ತಿಳಿದಿರಲಿಲ್ಲ.

"ಬರೆದಿದೀನಲ್ಲ ಭಾವ, ಓದ್ಕೊಳ್ಳಿ," ಎಂದು ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿ, ಸಭಾಂಗಣದ ಕಿಟಕಿಯಿಂದ ಟೇಪು ತೆಗೆದುಕೊಂಡು ಹೊರಟಳು.