ಬೆನ್ನಿನ ಅಳತೆ

ಮೊದಲೇ ಹೇಳಿಬಿಡ್ತೀನಿ, ನಾನು ಒಳ್ಳೇ ಟೈಲರ್. ಮೂವತ್ತೊಂದು ವರ್ಷದಲ್ಲಿ ನಾನು ಹೊಲಿದ ಕೋಟು ವಾಪಸ್ ಬಂದಿದ್ದು ಎರಡೇ ಸಲ. ಅದರಲ್ಲೂ ಒಂದು ಸಲ ತಪ್ಪು ಗಿರಾಕೀದೇ. ಅಳತೆ ಕೊಟ್ಟು ಹೋದೋನು ಆರು ತಿಂಗಳು ಬಿಟ್ಟು ಹೊಟ್ಟೆ ಬೆಳೆಸ್ಕೊಂಡು ಬಂದು, ಗುಂಡಿ ಹಾಕೋಕಾಗಲ್ಲ ಅಂತ ನನ್ನ ಮೇಲೆ ಹಾರಾಡಿದ. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ತಿಂಗಳು ನಾನು ನನಗೇ ಅಂತ ಹೊಲ್ಕೊಂಡ ಕೋಟು ನೋಡಿದ್ರೆ ಈ ಮಾತು ನೀವು ನಂಬೋದಿಲ್ಲ.

ಕೋಟು ಬೇಕಾಗಿದ್ದು ಒಂದು ಭಾನುವಾರಕ್ಕೆ. ಅವತ್ತು ನನ್ನ ಹೆಂಡತಿ ಬರೋಳಿದ್ಲು. ನಾಲ್ಕು ವರ್ಷದ ಹಿಂದೆ ತಂಗಿ ಮನೆಗೆ ಹೋದೋಳು, ಅಂಗಡೀಲಿ ಬಿಟ್ಟುಹೋಗಿದ್ದ ತನ್ನ ಹೊಲಿಗೆ ಮಿಷನ್ ತಗೊಂಡು ಹೋಗ್ತೀನಿ ಅಂತ ಫೋನ್ ಮಾಡಿದ್ಲು. ಆ ಮಿಷನ್ ಒಂದು ಹೋಯ್ತು ಅಂದ್ರೆ ಅವಳಿಗೆ ಈ ಅಂಗಡಿ ಮೆಟ್ಟಿಲು ಹತ್ತೋಕೆ ಇನ್ಯಾವ ಕಾರಣವೂ ಉಳಿಯಲ್ಲ. ಅದಕ್ಕೇ, ಇಲ್ಲೇ ಇದ್ದುಬಿಡು ಅಂತ ಅವತ್ತು ಕೇಳಿಯೇ ತೀರಬೇಕು ಅಂತ ತೀರ್ಮಾನ ಮಾಡಿದ್ದೆ. ಕೇಳೋವಾಗ ಸ್ವಲ್ಪ ನೆಟ್ಟಗೆ ಕಾಣಬೇಕಲ್ಲ.

ಅವಳು ಹೋಗಿದ್ದು ಯಾಕೆ ಅಂತಾನೂ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರು ಪ್ಯಾಂಟು ಗಿಡ್ಡ ಮಾಡಿಸೋಕೆ ಬಂದಿದ್ರು. ಮಾತಿಗೆ ಮಾತು ಬಂದು, "ನಾನು ಯಾರು ಅಂತ ಯಾವತ್ತಾದ್ರೂ ವಿಚಾರ ಮಾಡಿದೀಯೇನಯ್ಯಾ?" ಅಂದ್ರು. ಟೈಲರ್ ಅಂದೆ. ನಕ್ಕರು. ದೇಹ ನೀನಲ್ಲ, ಮನಸ್ಸು ನೀನಲ್ಲ, ಕಸುಬು ನೀನಲ್ಲ, ಇದಲ್ಲ ಇದಲ್ಲ ಅಂತ ಒಂದೊಂದೇ ಬಿಚ್ಚುತ್ತಾ ಹೋಗು, ಬಿಚ್ಚೋಕಾಗದೆ ಉಳಿಯುತ್ತಲ್ಲ ಅದು ನೀನು, ಅದೊಂದೇ ಇರೋದು, ಎರಡಿಲ್ಲ ಅಂದ್ರು. ಹೊಲಿಗೆ ಬಿಚ್ಚೋದು ನನಗೆ ಕೈಗೆ ಹತ್ತಿದ ಕೆಲಸ, ಆ ಮಾತು ಹಿಡ್ಕೊಂಡೆ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಕೂತು ಬಿಚ್ಚುತ್ತಿದ್ದೆ. ಸುಳ್ಳು ಹೇಳಲ್ಲ, ನೆಮ್ಮದಿ ಸಿಕ್ತಿತ್ತು. ನನಗೆ ಮೊದಲಿಂದ ಮೂಗಿನ ತುದೀಲೇ ಸಿಟ್ಟು. ಸಿಟ್ಟು ಬಂದಾಗ ಇದು ಯಾರಿಗೆ ಬಂತು ಅಂತ ಹುಡುಕ್ತಿದ್ದೆ. ಆ ಯಾರು ಅನ್ನೋನು ಸಿಕ್ತಿರಲಿಲ್ಲ, ಅಷ್ಟರಲ್ಲಿ ಸಿಟ್ಟೂ ಇಳಿದಿರ್ತಿತ್ತು.

ಅಷ್ಟಕ್ಕೇ ನಿಲ್ಲಿಸಿದ್ರೆ ಚೆನ್ನಾಗಿತ್ತು. ನಾನು ಅದನ್ನ ಹೆಂಡತಿ ಮೇಲೂ ಶುರುಮಾಡಿದೆ. ತಲೆನೋವು ಅಂದ್ರೆ, ನೋವು ಯಾರಿಗೆ ನೋಡು ಅಂತಿದ್ದೆ. ಊಟಕ್ಕೆ ಬನ್ನಿ ಅಂದ್ರೆ, ಹಸಿದಿರೋದು ಯಾರು ಅಂತಿದ್ದೆ. "ಹಸಿದಿರೋರು ಯಾರೋ ಒಬ್ಬರನ್ನ ಬೇಗ ಕಳಿಸಿ, ಅನ್ನ ಆರ್ತಿದೆ" ಅಂತಿದ್ಲು. ಆಗ ಇಬ್ಬರೂ ನಗ್ತಿದ್ವಿ.

ಆಮೇಲೆ ಒಂದು ಮಧ್ಯಾಹ್ನ ಅವಳ ತಮ್ಮ ತೀರಿಕೊಂಡ ಅಂತ ಫೋನ್ ಬಂತು. ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಮಿಷನ್ ಮೇಲೆ ತಲೆ ಇಟ್ಟು ಅತ್ತಳು. ನಾನು ಹತ್ತಿರ ಹೋಗಿ, ಹಾಳಾದೋನು, ಹೇಳಿದ್ದೇನು ಗೊತ್ತಾ? "ಅಳ್ತಿರೋದು ಯಾರು, ಸ್ವಲ್ಪ ಒಳಗೆ ನೋಡು." ಅವಳು ತಲೆ ಎತ್ತಿ ನನ್ನನ್ನೇ ನೋಡಿದ್ಲು. ಅಳು ನಿಂತುಹೋಯ್ತು. ನಾನು, ಉಪದೇಶ ನಾಟಿತು ಅಂದ್ಕೊಂಡೆ.

ತಿಂಗಳೊಳಗೆ ಪೆಟ್ಟಿಗೆ ಕಟ್ಟಿದ್ಲು. "ಈ ಮನೇಲಿ ಯಾರೂ ಇಲ್ಲ ಅಂತ ನೀವೇ ಹೇಳ್ತೀರ. ಯಾರೂ ಇಲ್ಲದ ಮನೇಲಿ ನಾನೊಬ್ಬಳು ಇದ್ದು ಏನು ಮಾಡ್ಲಿ?" ಅಂದ್ಲು.

ಪೋಸ್ಟ್ ಮಾಸ್ಟರ್ ಹತ್ರ ಹೋಗಿ ಹೇಳ್ಕೊಂಡೆ. ಅವರು ಕನ್ನಡಕ ತೆಗೆದು ಮುಖ ಒರೆಸ್ಕೊಂಡ್ರು. "ನಿನ್ನನ್ನ ನೀನು ಕೇಳ್ಕೋ ಅಂದೆ ಕಣಯ್ಯಾ. ಅಳೋರನ್ನ ಹಿಡಿದು ಕೇಳು ಅಂದ್ನಾ?" ಅಂದ್ರು. ಆಮೇಲೂ ನಾನು ಮೇಜಿನ ಮೇಲೆ ಕೂರೋದು ಬಿಡಲಿಲ್ಲ. ಆದ್ರೆ ಯಾರೂ ಇಲ್ಲ, ಯಾರೂ ಇಲ್ಲ ಅಂತ ಅಷ್ಟು ವರ್ಷ ಅಭ್ಯಾಸ ಮಾಡಿದೋನಿಗೆ, ನಿಜವಾಗಿ ಯಾರೂ ಇಲ್ಲದೆ ಇರೋಕೆ ಬರಲಿಲ್ಲ. ಅಂಗಡಿ ಮೇಲಿನ ರೂಮಿನಲ್ಲಿ ಒಂದು ತಟ್ಟೆ, ಒಂದು ಲೋಟ. ತೊಳೆದು ಬೋರಲು ಹಾಕೋದು, ಮತ್ತೆ ಎತ್ಕೊಳ್ಳೋದು.

ಕೋಟಿಗೆ ಅಳತೆ ಬೇಕಲ್ಲ. ನಮ್ಮ ಅಳತೆ ಪುಸ್ತಕ ಬರೀತಿದ್ದೋಳು ಅವಳೇ. ಹೆಸರು ಬರೆಯೋ ಜಾಯಮಾನ ಅವಳದಲ್ಲ. ಪುಟದ ನೆತ್ತಿ ಮೇಲೆ 'ಬ್ಯಾಂಕಿನ ದಪ್ಪನವರು', 'ಗೊಣಗೋ ಡಾಕ್ಟರು', 'ಭುಜ ಇಳಿದ ಮೇಷ್ಟ್ರು' ಅಂತ ಇರುತ್ತೆ. ನನ್ನ ಪುಟದ ಮೇಲೆ 'ನಮ್ಮವರು' ಅಂತ ಇತ್ತು. ಆದ್ರೆ ಆ ಅಳತೆ ಹಳೇದು, ಈಗ ನಾನು ಒಣಗಿ ಕಡ್ಡಿ ಆಗಿದೀನಿ. ಸರಿ, ನಾನೇ ತಗೊಂಡ್ರಾಯ್ತು ಅಂತ ಹೊರಟೆ. ಎದೆ, ಸೊಂಟ ಆಯ್ತು. ಬೆನ್ನಿಗೆ ಬಂದಾಗ ಶುರುವಾಯ್ತು ಫಜೀತಿ. ಟೇಪು ಹಿಡಿಯೋಕೆ ಕೈ ಎತ್ತಿದ್ರೆ ಭುಜ ಏಳುತ್ತೆ, ಇಳಿಸಿದ್ರೆ ಟೇಪು ಜಾರುತ್ತೆ. ಟೇಪಿನ ತುದಿ ಗೋಡೆ ಮೊಳೆಗೆ ಕಟ್ಟಿ ಗಾಣದೆತ್ತಿನ ಹಾಗೆ ಸುತ್ತಿದೆ. ಕೊನೆಗೆ ಅಂದಾಜಿನ ಮೇಲೆ ಕತ್ತರಿ ಹಾಕಿದೆ. ಹಾಕ್ಕೊಂಡು ನೋಡಿದ್ರೆ ಒಂದು ಭುಜ ಆಕಾಶಕ್ಕೆ, ಒಂದು ಪಾತಾಳಕ್ಕೆ. ಬಟ್ಟೆ ಸರಿಯಿಲ್ಲ ಅಂತ ಬೈದೆ, ಕುಣಿಯಲಾರದೋಳು ನೆಲ ಡೊಂಕು ಅಂದ ಹಾಗೆ.

ಭಾನುವಾರ ಅದನ್ನೇ ಹಾಕ್ಕೊಂಡು ನಿಂತಿದ್ದೆ. ಅವಳು ಒಳಗೆ ಕಾಲಿಡ್ತಾನೇ ಕೇಳಿದ್ಲು.

"ಇದ್ಯಾರು ಹೊಲಿದಿದ್ದು?"

"ನಾನೇ."

"ಅಳತೆ?"

"ಅದೂ ನಾನೇ."

"ಅದಕ್ಕೇ ಮತ್ತೆ. ತನ್ನ ಬೆನ್ನು ತನಗೆ ಕಾಣುತ್ತೇನ್ರೀ? ಬಿಚ್ಚಿ, ತಿರುಗಿ ನಿಲ್ಲಿ."

ಕೆಟ್ಟ ಹೊಲಿಗೆ ಕಂಡ್ರೆ ಅವಳಿಗೆ ಮೊದಲಿಂದ ಆಗಲ್ಲ. ನನ್ನ ಕೊರಳಲ್ಲಿದ್ದ ಟೇಪು ಎಳ್ಕೊಂಡು ಬೆನ್ನಿಗೆ ಹಿಡಿದ್ಲು. ನಾಲ್ಕು ವರ್ಷದಲ್ಲಿ ನನ್ನ ಬೆನ್ನನ್ನ ಯಾರೂ ಮುಟ್ಟಿರಲಿಲ್ಲ.

"ಉಸಿರು ಬಿಡಿ. ಕಂಬದ ಹಾಗೆ ನಿಂತ್ರೆ ಅಳತೆ ಹೇಗೆ ಸಿಗುತ್ತೆ?"

"ಅವತ್ತು ನಾನು ಹಾಗೆ ಕೇಳಬಾರದಿತ್ತು" ಅಂದೆ. "ತಪ್ಪು ನನ್ನದು."

ಟೇಪು ಅಲ್ಲೇ ನಿಂತಿತು. "ತಪ್ಪು ಮಾಡೋರು ಅಂತ ಯಾರೂ ಇಲ್ಲ ಅಂತಿದ್ರಲ್ಲ."

"ನಾನಿದೀನಿ. ಇಲ್ಲೇ ಇದ್ದುಬಿಡು."

ಅವಳು ಟೇಪನ್ನ ಎಡ ಭುಜಕ್ಕೆ ಸರಿಸಿದ್ಲು. ಆಮೇಲೆ ಬೆನ್ನ ಹಿಂದಿನಿಂದಲೇ ಹೇಳಿದ್ಲು. "ಅವತ್ತು ನಾನು ಒಳಗೆ ನೋಡಿದೆ ರೀ, ನೀವು ಹೇಳಿದ ಹಾಗೇ. ಒಳಗೆ ಸತ್ತ ತಮ್ಮ ಇದ್ದ. ನೀವಿರಲಿಲ್ಲ. ತಲೆ ಎತ್ತಿ ಹೊರಗೆ ನೋಡಿದೆ, ಅಲ್ಲೂ ನೀವಿರಲಿಲ್ಲ."

"ಈಗ ಇದೀನಲ್ಲ."

"ಈಗ ನನಗೆ ಒಬ್ಬಳೇ ಇರೋದು ಅಭ್ಯಾಸ ಆಗಿದೆ" ಅಂದ್ಲು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ರೆ ಕಾಲು ಹಿಡಿದಾದ್ರೂ ಕೇಳ್ತಿದ್ದೆ.

ಹೊರಗೆ ಅವಳ ಜೊತೆ ಬಂದಿದ್ದ ಟೆಂಪೋದವನು ಹಾರ್ನ್ ಹೊಡೆದ. "ಅಕ್ಕಾ, ಗಾಡಿ ಅಡ್ಡ ನಿಂತಿದೆ, ಬೇಗ." ಅವಳು ಪುಸ್ತಕ ತೆರೆದು ಅಳತೆ ಬರೆದಿಟ್ಟಳು. ಮಿಷನ್ನಿನ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ನಾನೇ ಹಿಡಿದು ಮೆಟ್ಟಿಲು ಇಳಿಸಿದೆ. "ಎಡ ಭುಜ ಮುಕ್ಕಾಲು ಇಂಚು ಇಳಿದಿದೆ, ಅದಕ್ಕೆ ಸರಿಯಾಗಿ ಹೊಲ್ಕೊಳ್ಳಿ. ಬರ್ತೀನಿ" ಅಂದ್ಲು. ಹೋಗೋರೆಲ್ಲ ಹಾಗೇ ಅನ್ನೋದು.

ಮಿಷನ್ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು, ಒಂದಷ್ಟು ದಾರದ ತುಂಡು. ಗುಡಿಸಿದೆ. ಆಮೇಲೆ ಪುಸ್ತಕ ತೆರೆದೆ. ಹೊಸ ಪುಟದಲ್ಲಿ ಎದೆ, ಬೆನ್ನು, ತೋಳು, ಎಲ್ಲ ಅವಳ ಅಚ್ಚುಕಟ್ಟಾದ ಅಂಕಿ. ನೆತ್ತಿ ಮೇಲೆ ಏನೂ ಇರಲಿಲ್ಲ. ಆ ಗೊಣಗೋ ಡಾಕ್ಟರಿಗೂ ಒಂದು ಸಾಲು ಕೊಟ್ಟೋಳು, ನನ್ನ ಮೇಲೆ ಖಾಲಿ ಬಿಟ್ಟಿದ್ಲು. ಕಸುಬಿಲ್ಲ, ಸಂಬಂಧ ಇಲ್ಲ. ಹನ್ನೆರಡು ವರ್ಷ ನಾನು ಬಿಚ್ಚಿ ಬಿಚ್ಚಿ ತಲುಪಬೇಕು ಅಂದ್ಕೊಂಡಿದ್ದು ಅಲ್ಲಿಗೇ.

ಪೆನ್ಸಿಲ್ ಕೈಗೆತ್ಕೊಂಡೆ. ನಾನು ಯಾರು ಅಂತ ಬರೆಯೋಕೆ ಹೋದ್ರೆ ನೆನಪಾಗಿದ್ದು ಒಂದೇ ಮಾತು, 'ನಮ್ಮವರು'. ಅದನ್ನ ನನಗೆ ನಾನೇ ಬರ್ಕೊಳ್ಳೋಕಾಗುತ್ತಾ? ಅದನ್ನ ಇನ್ನೊಬ್ಬರೇ ಬರೀಬೇಕು.

ಪೆನ್ಸಿಲ್ ಇಟ್ಟೆ, ಮಿಷನ್ ಇದ್ದ ಜಾಗದಲ್ಲೇ ನೆಲಕ್ಕೆ ಕೂತು ಅತ್ತೆ. ಅಳ್ತಿರೋದು ಯಾರು ಅಂತ ಕೇಳೋಕೆ ಅಂಗಡೀಲಿ ಯಾರೂ ಇರಲಿಲ್ಲ. ಯಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.